ತನ್ನ ನಟ್ಟನ್ನು ತಾನೇ ಕೊರೆದ ಲೇತು

ನಮ್ಮ ಅತ್ತಿಗೆ ಟೂಲು ಮಸೆಯುವಾಗ ಯಾರೂ ಮಾತಾಡಿಸಬಾರದು. ಮಾತಾಡಿಸಿದರೆ ಅವರು ಬೈಯುವುದಿಲ್ಲ, ತಿರುಗಿಯೂ ನೋಡುವುದಿಲ್ಲ. ಟೂಲನ್ನು ಕಲ್ಲಿನಿಂದ ಒಂದು ಬೆರಳಿನಷ್ಟು ಹಿಂದಕ್ಕೆ ತೆಗೆದು, ಎದುರಿನವರ ಮಾತು ಮುಗಿಯುವ ತನಕ ಹಾಗೇ ಹಿಡಿದುಕೊಂಡು ನಿಲ್ಲುತ್ತಾರೆ. ನನ್ನಂಥವನು ಅರ್ಧ ಗಂಟೆ ಕೂಗಾಡಿದರೂ ಆಗದ ಕೆಲಸ ಆ ನಿಲ್ಲುವುದರಿಂದ ಆಗುತ್ತದೆ. ಎಂಥ ವಾಚಾಳಿಯಾದರೂ ಬಾಯಿ ಮುಚ್ಚಿಕೊಂಡು ಹೊರಗೆ ಹೋಗುತ್ತಾನೆ.

ಲೇತಿನ ಟೂಲು ಎಂದರೆ ನೋಡುವುದಕ್ಕೆ ದೊಡ್ಡ ವಸ್ತುವೇನಲ್ಲ. ಬೆರಳಿನಷ್ಟು ಉದ್ದದ ಒಂದು ಚೌಕಾಕಾರದ ಉಕ್ಕಿನ ಕಡ್ಡಿ. ಅಂಗಡಿಯಿಂದ ತಂದಾಗ ಅದಕ್ಕೆ ಬಾಯಿಯೇ ಇರುವುದಿಲ್ಲ. ಅದನ್ನು ತಿರುಗುವ ಕಲ್ಲಿಗೆ ಹಿಡಿದು ಬಾಯಿ ಕೊಡಬೇಕು. ಆಮೇಲೆ ಲೇತಿನಲ್ಲಿ ಗರಗರ ತಿರುಗುವ ಕಬ್ಬಿಣಕ್ಕೆ ಒತ್ತಿದರೆ ಅದು ಕಬ್ಬಿಣವನ್ನು ಸೌತೆಕಾಯಿ ಸಿಪ್ಪೆಯ ಹಾಗೆ ಸುಲಿಯುತ್ತದೆ. ಬಾಯಿ ಸರಿಯಿಲ್ಲದಿದ್ದರೆ ಸುಲಿಯುವುದಿಲ್ಲ, ಕಿರುಚುತ್ತದೆ. ಈಗ ಅಂಗಡಿಯಲ್ಲಿ ಸಿದ್ಧ ಬಾಯಿಯ ಸಣ್ಣ ಬಿಲ್ಲೆಗಳು ಸಿಗುತ್ತವೆ, ಸವೆದರೆ ಎಸೆದು ಇನ್ನೊಂದು ಹಾಕಿಕೊಳ್ಳಬಹುದು. ಬೇಡ ಎನ್ನುವವನು ನಾನಲ್ಲ, ನಾನೂ ಹಾಕುತ್ತೇನೆ. ಆದರೆ ಆ ಬಿಲ್ಲೆ ಹಿಡಿದುಕೊಂಡು ಬಂದು 'ಇನ್ನು ಮಸೆಯೋದೆಲ್ಲ ಯಾಕೆ' ಎಂದು ಯಾರಾದರೂ ಕೇಳಿದರೆ ನನಗೆ ಮೈ ಉರಿಯುತ್ತದೆ. ಅವನು ನಮ್ಮ ಅತ್ತಿಗೆಯ ಕೈ ನೋಡಿಲ್ಲ.

ಒರಟಾಗಿ ದಪ್ಪ ಪದರ ತೆಗೆಯುವ ಟೂಲಿಗೆ ಅವರು ಕೆನ್ನೆ ದಪ್ಪ ಬಿಡುತ್ತಾರೆ, ಪೆಟ್ಟು ತಡೆಯಲಿ ಎಂದು. ನುಣುಪು ಕೊಡುವ ಟೂಲಿನ ಮೂಗನ್ನು ಎಷ್ಟು ಬೇಕೋ ಅಷ್ಟೇ ದುಂಡು ಮಾಡಿ, ಎಣ್ಣೆಕಲ್ಲಿನ ಮೇಲೆ ಮಗುವಿನ ಕೆನ್ನೆ ಸವರಿದ ಹಾಗೆ ಸವರುತ್ತಾರೆ. ತುಂಡರಿಸುವ ಟೂಲು ತೆಳ್ಳಗಿನ ಅಲಗು. ಅದರ ಎರಡೂ ಪಕ್ಕ ಹಿಂದಕ್ಕೆ ಹೋದಂತೆ ಸಣ್ಣಗಾಗದಿದ್ದರೆ ತಾನು ತೋಡಿದ ಸಂದಿನಲ್ಲೇ ತಾನು ಸಿಕ್ಕಿಕೊಂಡು ಪಟ್ಟನೆ ಮುರಿಯುತ್ತದೆ. ಇದಕ್ಕೆಲ್ಲ ಕೋನ ಅಳೆಯುವ ಸಾಧನ ಉಂಟು, ನಮ್ಮ ಶೆಡ್ಡಿನ ಗೋಡೆಯಲ್ಲೇ ನೇತಾಡುತ್ತಿದೆ. ಅತ್ತಿಗೆ ಅದನ್ನು ಮುಟ್ಟಿದ್ದು ನಾನು ಕಾಣೆ. ಕಿಡಿ ಯಾವ ಕಡೆ ಹಾರುತ್ತದೆ ಎಂದು ನೋಡುತ್ತಾರೆ, ಅಷ್ಟೆ. ನನಗೆ ಕಿಡಿ ಕಂಡರೆ ಅವರಿಗೆ ಅಲಗು ಕಾಣುತ್ತದೆ.

ಮನುಷ್ಯರನ್ನೂ ಅವರು ಹಾಗೇ ವಿಂಗಡಿಸುತ್ತಾರೆ. ಒಮ್ಮೆ ನಾನು ಗಿರಾಕಿಯೊಬ್ಬನ ಮೇಲೆ ಹಾರಾಡಿ, ಅವನು ತಂದ ಶಾಫ್ಟನ್ನು ಬೀದಿಗೆ ಎಸೆದೆ. ಅತ್ತಿಗೆ ಅದನ್ನು ಎತ್ತಿಕೊಂಡು ಬಂದು, ಒರೆಸಿ, ಬೆಂಚಿನ ಮೇಲಿಟ್ಟು ಹೇಳಿದರು: "ನೀನು ಒರಟು ಟೂಲು ಕಣಪ್ಪ. ದಪ್ಪ ದಪ್ಪ ತೆಗೀತೀಯ. ಗಿರಾಕಿ ಹತ್ರ ಮಾತಾಡೋಕೆ ಫಿನಿಶಿಂಗ್ ಟೂಲು ಬೇಕು, ಆಚೆ ಹೋಗು."

ಅತ್ತಿಗೆಯ ಅಪ್ಪ ಲೇತು ನಡೆಸುವ ಟರ್ನರ್. ಅವರ ಮನೆಯ ಮುಂದಿನ ಕೋಣೆಯಲ್ಲೇ ಲೇತು ಇತ್ತು. ಹಿಂದಿನ ಕೋಣೆಯಲ್ಲಿ ಅಡುಗೆ, ಮುಂದಿನ ಕೋಣೆಯಲ್ಲಿ ಕಬ್ಬಿಣ. ಲೇತಿನ ಸದ್ದು ನಿಂತರೆ ತೊಟ್ಟಿಲಲ್ಲಿದ್ದ ಕೂಸು, ಅಂದರೆ ನಮ್ಮ ಅತ್ತಿಗೆ, ಎದ್ದು ಅಳುತ್ತಿತ್ತಂತೆ. ಅಪ್ಪ ತೀರಿಕೊಂಡಾಗ ಬಂಧುಗಳೆಲ್ಲ ಲೇತು ಮಾರಿಬಿಡು ಎಂದರು. ಲೇತನ್ನೂ ಕರೆದುಕೊಂಡು ಹೋಗುವವನನ್ನೇ ಮದುವೆಯಾಗುತ್ತೇನೆ ಎಂದರು ಅತ್ತಿಗೆ. ನಮ್ಮಣ್ಣ ಹುಡುಗಿಯನ್ನು ನೋಡಲು ಹೋದವನು ಲೇತು ನೋಡಿಕೊಂಡು ಬಂದ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಅಣ್ಣ ಅದನ್ನು ಅಲ್ಲಗಳೆದಿಲ್ಲ. ಮದುವೆಯಾದ ಮಾರನೇ ವಾರ ಲಾರಿಯಲ್ಲಿ ಲೇತು ಬಂತು. ಮುಂದೆ ಡ್ರೈವರ್ ಪಕ್ಕ ಕೂರಿ ಎಂದರೂ ಕೇಳದೆ ಅತ್ತಿಗೆ ಹಿಂದೆ ಲೇತಿನ ಪಕ್ಕದಲ್ಲೇ ನಿಂತು ಬಂದರು.

ಆ ಲೇತಿನಿಂದಲೇ ನಮ್ಮ ಶೆಡ್ಡು ನಡೆಯಿತು. ಒಂದು ಕಡೆ ಸೈಕಲ್ ಅಂಗಡಿ, ಇನ್ನೊಂದು ಕಡೆ ಬಣ್ಣದ ಅಂಗಡಿ, ನಡುವೆ ತಗಡಿನ ಸೂರಿನ ನಮ್ಮ ಶೆಡ್ಡು. ಅಣ್ಣ ಮತ್ತು ನಾನು ಲೇತಿನ ಮುಂದೆ, ಅತ್ತಿಗೆ ಕಲ್ಲಿನ ಮುಂದೆ. ಕಷ್ಟದ ಕೆಲಸ ಬಂದಾಗ ಮಾತ್ರ ಅವರೇ ಲೇತಿಗೆ ನಿಲ್ಲುತ್ತಿದ್ದರು, ಆಗ ನಾವಿಬ್ಬರೂ ಬದಿಗೆ ಸರಿಯುತ್ತಿದ್ದೆವು.

ಆದರೆ ಯಂತ್ರಕ್ಕೂ ವಯಸ್ಸಾಗುತ್ತದಲ್ಲ. ಟೂಲನ್ನು ಮುಂದಕ್ಕೂ ಹಿಂದಕ್ಕೂ ಸರಿಸಲು ಲೇತಿನಲ್ಲಿ ಒಂದು ಅಡ್ಡ ಸ್ಲೈಡು, ಅದಕ್ಕೊಂದು ಹಿಡಿಕೆ ಇರುತ್ತದೆ. ಹಿಡಿಕೆಗೆ ಉದ್ದನೆಯ ಸ್ಕ್ರೂ, ಸ್ಕ್ರೂ ಹಾದುಹೋಗುವ ಒಂದು ನಟ್ಟು, ಗನ್‌ಮೆಟಲ್ ಎನ್ನುವ ಹಳದಿ ಕಂಚಿನದು. ಹಿಡಿಕೆ ತಿರುಗಿಸಿದರೆ ಸ್ಕ್ರೂ ನಟ್ಟನ್ನು ಎಳೆಯುತ್ತದೆ, ನಟ್ಟು ಸ್ಲೈಡನ್ನು ಎಳೆಯುತ್ತದೆ. ಆ ನಟ್ಟಿನ ಒಳಗಿನ ಹಲ್ಲುಗಳು ಸವೆದು ಬ್ಲೇಡಿನಂತಾಗಿದ್ದವು. ಹಿಡಿಕೆ ತಿರುಗುತ್ತಿತ್ತು, ಸ್ಲೈಡು ಮಾತ್ರ ತನಗೇನೂ ಸಂಬಂಧವಿಲ್ಲವೆಂಬಂತೆ ಕೂತಿರುತ್ತಿತ್ತು. ಆಮೇಲೆ ಒಮ್ಮೆಗೇ ಜಗ್ಗಿದಂತೆ ಹೊರಡುತ್ತಿತ್ತು. ಮಾಡಿಕೊಟ್ಟ ಕೆಲಸಗಳು ವಾಪಸು ಬರತೊಡಗಿದವು. ಲೇತು ಮಾಡಿದ ಕಂಪನಿ ಎಂದೋ ಮುಚ್ಚಿತ್ತು. ನಟ್ಟು ಎಲ್ಲಿಯೂ ಸಿಗಲಿಲ್ಲ. ಪಕ್ಕದ ಬೀದಿಯ ದೊಡ್ಡ ವರ್ಕ್‌ಶಾಪಿನವನು ಅಷ್ಟು ಸಣ್ಣ ತೂತಿನೊಳಗೆ ಥ್ರೆಡ್ಡು ಕೊರೆಯುವುದು, ಅದೂ ಎಡಕ್ಕೆ ಸುತ್ತುವಂಥದ್ದು, ನನ್ನ ಕೈಲಾಗದು ಎಂದ.

ಅಣ್ಣ ಹೊಸ ಯಂತ್ರ ನೋಡಿಕೊಂಡು ಬಂದ. ಊಟಕ್ಕೆ ಕೂತಾಗ ಹೇಳಿದ.

"ಶನಿವಾರ ಗುಜರಿಯವನು ಬರ್ತಾನೆ."

ಅತ್ತಿಗೆ ತಟ್ಟೆಗೆ ಅನ್ನ ಬಡಿಸುತ್ತಿದ್ದವರು ನಿಲ್ಲಿಸಲಿಲ್ಲ. "ಯಾಕೆ?"

"ಯಾಕೆ ಅಂದ್ರೆ? ಹೊಸದು ಎಲ್ಲಿ ಇಡೋದು, ನನ್ನ ತಲೆ ಮೇಲೆ ಇಡೋದಾ?"

"ನಟ್ಟು ಹಾಕಿದ್ರೆ ಇದು ಸರಿಹೋಗತ್ತೆ."

"ನಟ್ಟು ಎಲ್ಲಿದೆ?"

"ನಾನು ಮಾಡ್ತೀನಿ."

"ಯಾವ ಲೇತಲ್ಲಿ ಮಾಡ್ತೀಯ?"

"ಇದೇ ಲೇತಲ್ಲಿ."

ಅಣ್ಣ ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದ. "ಕೇಳಿದ್ಯೇನೋ? ಹಲ್ಲು ಬಿದ್ದವನ ಬಾಯಲ್ಲೇ ಹಲ್ಲು ಕಟ್ಟೋ ಕಾರ್ಖಾನೆ ಇಡ್ತಾಳಂತೆ ನಿನ್ನತ್ತಿಗೆ."

ನಗು ಬಂತು, ನುಂಗಿಕೊಂಡೆ. ಅತ್ತಿಗೆ ನಗಲಿಲ್ಲ. "ಶನಿವಾರದೊಳಗೆ ಆಗದಿದ್ರೆ ನಾನೇ ಅವನ ಗಾಡಿಗೆ ಕೈ ಕೊಡ್ತೀನಿ. ಆದ್ರೆ ಲೇತು ಇಲ್ಲೇ ಇರತ್ತೆ."

"ಆದ್ರೆ ಅಂದ್ರೆ ಹೇಗೆ? ಸುಮ್ನೆ ತಿರುಗಿದ್ರೆ ಆಯ್ತಾ? ನಾನು ಪರೀಕ್ಷೆ ಮಾಡ್ತೀನಿ."

"ಮಾಡಿ. ಮೊದಲು ಊಟ ಮಾಡಿ."

ಗನ್‌ಮೆಟಲ್ ಹುಡುಕಿದ್ದು ನಾನು. ಎರಕದವನ ಬಳಿ ಒಂದು ಹಳೇ ಪಂಪಿನ ಬುಷ್, ಸಣ್ಣ ತೂತಿನ ದಪ್ಪ ಕೊಳವೆಯಂಥದ್ದು, ಇತ್ತು. ಅಷ್ಟು ಒಳ್ಳೆಯ ತುಂಡು ಇನ್ನೊಂದು ಇಲ್ಲ, ಕೆಡಿಸಿಕೊಂಡರೆ ನನ್ನ ಹತ್ತಿರ ಬರಬೇಡ ಎಂದೇ ಕೊಟ್ಟ.

ಮೊದಲು ಸ್ಲೈಡನ್ನು ಬಿಚ್ಚಿ ಸ್ಕ್ರೂ ಹೊರತೆಗೆದೆವು. ಅದರ ನಡುಭಾಗ ಕೂದಲೆಳೆಯಷ್ಟೇ ಸವೆದಿತ್ತು, ತುದಿಯಲ್ಲಿ ಮಾತ್ರ ನಟ್ಟು ಎಂದೂ ಮುಟ್ಟದ ನಾಲ್ಕಾರು ಸುತ್ತು ಹೊಸದರಂತೆ ಹೊಳೆಯುತ್ತಿತ್ತು. ಅತ್ತಿಗೆ ಅಲ್ಲಿಗೆ ಬೆರಳಿಟ್ಟು, "ಇದು ನಮ್ಮಪ್ಪ ತಂದ ದಿನದ್ದು" ಎಂದರು.

ನಟ್ಟಿನ ರಂಧ್ರ ನನ್ನ ಕಿರುಬೆರಳು ಹೋಗುವಷ್ಟು. ಅದರೊಳಗೆ ಹೋಗಿ ಗೋಡೆಯಲ್ಲಿ ಸುತ್ತುಹಾದಿ ತೋಡುವ ಟೂಲು ಬೇಕು. ಅತ್ತಿಗೆ ಒಂದು ಸಣ್ಣ ಕಡ್ಡಿಗೆ ಅಡ್ಡ ತೂತು ಕೊರೆದು, ಹಳೇ ಟೂಲಿನ ಚೂರೊಂದನ್ನು ಅದರಲ್ಲಿ ಕೂರಿಸಿದರು. ಹೊರಗೆ ಕಾಣುತ್ತಿದ್ದದ್ದು ಅಕ್ಕಿಕಾಳಿನಷ್ಟು. ಆ ಅಕ್ಕಿಕಾಳಿಗೆ ಬಾಯಿ ಕೊಟ್ಟರು. ಮಸೆಯುವುದು, ನೀರಲ್ಲಿ ಅದ್ದುವುದು, ಸ್ಕ್ರೂವಿನ ತುದಿಯ ಹೊಸ ಸಂದಿನಲ್ಲಿ ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯುವುದು. ಅಂಚಿನಲ್ಲಿ ಬೆಳಕು ತೂರಿದರೆ ಮತ್ತೆ ಕಲ್ಲಿಗೆ. ಮೇಲ್ಮುಖವನ್ನು ಚಪ್ಪಟೆಯಾಗೇ ಬಿಟ್ಟರು. ಉಕ್ಕಿಗಾದರೆ ಇಳಿಜಾರು ಕೊಡಬೇಕು, ಗನ್‌ಮೆಟಲ್ಲಿಗೆ ಕೊಟ್ಟರೆ ಟೂಲು ಕೊಕ್ಕೆಯಂತೆ ಕಚ್ಚಿಕೊಳ್ಳುತ್ತದೆ. ಟೂಲಿನ ಹೊಟ್ಟೆಯ ಭಾಗವನ್ನು ಮಸೆದು ಕರಗಿಸಿದರು, ರಂಧ್ರಕ್ಕೆ ತಾಗಬಾರದೆಂದು. ಕೊನೆಗೆ ಸಂದಿನಲ್ಲಿಟ್ಟು ಕಿಟಕಿಗೆ ಹಿಡಿದರು. ನಾನೂ ಬಗ್ಗಿ ನೋಡಿದೆ. ಟೂಲು ಎಲ್ಲಿ ಮುಗಿಯಿತು, ಸ್ಕ್ರೂ ಎಲ್ಲಿ ಶುರುವಾಯಿತು ಎಂಬುದೇ ತಿಳಿಯಲಿಲ್ಲ. ಒಂದು ಎಳೆ ಬೆಳಕಿಲ್ಲ. 

ಇನ್ನು ಸ್ಕ್ರೂವನ್ನೂ ಹಳೇ ನಟ್ಟನ್ನೂ ವಾಪಸು ಲೇತಿಗೇ ಹಾಕಬೇಕು. ಅವಿಲ್ಲದೆ ಸ್ಲೈಡು ಸರಿಯುವುದಿಲ್ಲ. ಇಲ್ಲೇ ಇತ್ತು ಕುತ್ತು. ಹೊಸ ನಟ್ಟು ಸ್ಕ್ರೂವಿಗೆ ಸರಿಹೊಂದುತ್ತದೋ ಇಲ್ಲವೋ ನೋಡೋಣವೆಂದರೆ ಸ್ಕ್ರೂ ಯಂತ್ರದ ಹೊಟ್ಟೆಯಲ್ಲಿ. ಅದನ್ನು ಬಿಚ್ಚಿದರೆ ಕೂರಿಸಿದ ಲೆಕ್ಕವೆಲ್ಲ ತಪ್ಪುತ್ತದೆ, ಮತ್ತೆ ಕೊರೆಯಲಾಗದು.

"ಮೊದಲು ಒಂದು ನಕಲು ಸ್ಕ್ರೂ ಮಾಡ್ಕೊಳ್ಳೋಣ ಅತ್ತಿಗೆ. ಅದನ್ನ ಹಾಕಿ ಹಾಕಿ ನೋಡಬಹುದು" ಎಂದೆ.

"ಆ ಹಳೇ ನಟ್ಟಿಗೆ ಅಷ್ಟು ಉಸಿರಿಲ್ಲ. ಒಂದು ಕೆಲಸಕ್ಕೆ ಇದೆ. ಎರಡಕ್ಕೆ ಹಲ್ಲು ಉದುರತ್ತೆ."

ಅಂದರೆ ಒಂದೇ ತುಂಡು ಗನ್‌ಮೆಟಲ್, ಒಂದೇ ಸಲ, ಹಾಕಿ ನೋಡುವ ದಾರಿಯೂ ಇಲ್ಲ. ಯೋಚಿಸಿದರೆ ತಲೆ ತಿರುಗುತ್ತದೆ. ಸಾಯುತ್ತಿರುವ ನಟ್ಟು ತನ್ನ ಕೊನೆಯ ಶಕ್ತಿಯಲ್ಲಿ ಟೂಲು ಹಿಡಿದು, ತನ್ನ ಜಾಗಕ್ಕೆ ಬರುವ ನಟ್ಟನ್ನು ತಾನೇ ಕೊರೆಯಬೇಕು.

ಶನಿವಾರ ಬೆಳಗ್ಗೆ ಗನ್‌ಮೆಟಲ್ ತುಂಡನ್ನು ಲೇತಿನ ತಿರುಗುವ ಹಿಡಿಯಾದ ಚಕ್ಕಿಗೆ ಕಚ್ಚಿಸಿ ಶುರು ಮಾಡಿದರು. ಲೇತು ನಡೆಸುವುದು, ನಿಲ್ಲಿಸುವುದು, ಹಿಂದಕ್ಕೆ ತಿರುಗಿಸುವುದು ನನ್ನ ಪಾಲಿಗೆ. ಹಿಡಿಕೆ ಅತ್ತಿಗೆಯ ಕೈಯಲ್ಲಿ. ಅಣ್ಣ ಬಾಗಿಲ ಬಳಿ ಬೀದಿಗೆ ಮುಖ ಮಾಡಿ, ತನಗೂ ಇದಕ್ಕೂ ಸಂಬಂಧವಿಲ್ಲವೆನ್ನುವವನಂತೆ ಪೇಪರ್ ಓದುತ್ತಿದ್ದ. ಪುಟ ಮಾತ್ರ ತಿರುಗುತ್ತಿರಲಿಲ್ಲ.

ಲೋಕದಲ್ಲಿ ಬಹುಪಾಲು ಥ್ರೆಡ್ಡು ಬಲಕ್ಕೆ ತಿರುಗಿಸಿದರೆ ಬಿಗಿಯಾಗುವಂಥವು. ಅಂಥದ್ದನ್ನು ಒಳಗೆ ಕೊರೆಯುವಾಗ ಟೂಲು ಹೊರಗಿನಿಂದ ಒಳಕ್ಕೆ ಹೋಗುತ್ತದೆ. ಇದು ಎಡ ಥ್ರೆಡ್ಡು. ಟೂಲನ್ನು ಮೊದಲೇ ನಟ್ಟಿನ ಹಿಂಬದಿಗೆ ದಾಟಿಸಿಟ್ಟು, ಒಳಗಿನಿಂದ ಹೊರಕ್ಕೆ ಕೊರೆದುಕೊಂಡು ಬರಬೇಕು.

ಮೊದಲ ಗೀರು ಸುಮ್ಮನೆ ಬಂತು. ಎರಡನೆಯದೂ ಬಂತು. ಆಮೇಲಿನದರಲ್ಲಿ ಸಣ್ಣದೊಂದು ಕುಂಯ್ ಎನ್ನುವ ಸದ್ದು. ಅದರ ನಂತರ ಆ ಕುಂಯ್ ಗಟ್ಟಿಯಾಯಿತು. ಹಳದಿ ಪುಡಿ ಉದುರಬೇಕಾದಲ್ಲಿ ಏನೂ ಉದುರಲಿಲ್ಲ, ಬಿಸಿ ಲೋಹದ ವಾಸನೆ ಬಂತು.

"ನಿಲ್ಲಿಸು" ಎಂದರು ಅತ್ತಿಗೆ.

ನಿಲ್ಲಿಸಿದೆ. ಬಾಗಿಲಿನಿಂದ, ತಿರುಗದೆಯೇ, ಅಣ್ಣನ ದನಿ ಬಂತು. "ಪಕ್ಕ ಉಜ್ತಾ ಇದೆ."

"ಗೊತ್ತಾಯ್ತು."

"ಯಾವ ಪಕ್ಕಕ್ಕೆ ಬಿಡುವು ಕೊಟ್ಟಿದ್ದೀಯ?"

ಅತ್ತಿಗೆ ಟೂಲು ಬಿಚ್ಚಿ ಕಿಟಕಿಯ ಬಳಿಗೆ ಒಯ್ದರು. ಅಕ್ಕಿಕಾಳಿನ ಒಂದು ಕೆನ್ನೆ ಕನ್ನಡಿಯಂತೆ ಹೊಳೆಯುತ್ತಿತ್ತು. ಥ್ರೆಡ್ಡಿನ ಟೂಲು ಓರೆಯಾದ ಹಾದಿಯಲ್ಲಿ ಸಾಗುತ್ತದಲ್ಲ, ಅದು ಯಾವ ಕಡೆಗೆ ಸಾಗುತ್ತದೋ ಆ ಕಡೆಯ ಕೆನ್ನೆಯನ್ನು ಹೆಚ್ಚು ಮಸೆದು ಬಿಡುವು ಕೊಡಬೇಕು. ಇಲ್ಲದಿದ್ದರೆ ಅಲಗು ಕೊರೆಯುವ ಮೊದಲೇ ಕೆನ್ನೆ ಗೋಡೆಗೆ ಉಜ್ಜುತ್ತದೆ. ಒಳಕ್ಕೆ ಹೋಗುವ ಟೂಲುಗಳನ್ನು ಅಷ್ಟು ವರ್ಷ ಮಸೆದ ಕೈ, ಹೊರಕ್ಕೆ ಬರುವ ಟೂಲಿಗೂ ಒಳಗಿನ ಕೆನ್ನೆಯನ್ನೇ ಮಸೆದಿತ್ತು. ತಲೆಗೆ ಎಡ ಎಂದು ಗೊತ್ತಿತ್ತು, ಕೈ ಮಾತ್ರ ಬಲ ಎಂದುಕೊಂಡಿತ್ತು. ಮಸೆಯಲು ಬಾರದ ನನ್ನಂಥವನು ಈ ತಪ್ಪು ಮಾಡುವುದು ಸಾಧ್ಯವೇ ಇಲ್ಲ. ಪಳಗಿದ ಕೈಗೇ ಆಗುವ ತಪ್ಪು ಇದು.

ಅಣ್ಣ ಎದ್ದು ಬಂದ. ಟೂಲು ಇಸಿದುಕೊಂಡು ನೋಡಿದ. ಈಗ ಒಂದು ಮಾತು ಚುಚ್ಚುತ್ತಾನೆ, ನಾನೂ ಒಂದು ಕೊಡುತ್ತೇನೆ ಎಂದು ಕಾಯುತ್ತಿದ್ದೆ. ಅವನು ಹೇಳಿದ್ದು ಬೇರೆ.

"ಈ ಕಡೆ ಮಸೆದ್ರೆ ಬಾಯಿ ಸಣ್ಣದಾಗತ್ತೆ. ಸಂದು ಅಷ್ಟಗಲ ಬರಲ್ಲ."

"ಎರಡು ಸಲ ಹೋಗ್ತೀನಿ. ಮೊದಲು ಒಂದು ಗೋಡೆ. ಆಮೇಲೆ ಟೂಲನ್ನ ಪಕ್ಕಕ್ಕೆ ಒಂದು ಕೂದಲು ಸರಿಸಿ ಇನ್ನೊಂದು ಗೋಡೆ."

"ಬಿಚ್ಚಿದ ಟೂಲನ್ನ ಮತ್ತೆ ಅದೇ ಗೀರಿಗೆ ಕೂರಿಸ್ತೀಯಾ? ಒಳಗೆ ಕಣ್ಣೂ ಹೋಗಲ್ಲ."

"ಕೂರಿಸಬೇಕು."

ಅಣ್ಣ ಪೇಪರ್ ಮಡಿಚಿ ಬೆಂಚಿನ ಕೆಳಗೆ ಹಾಕಿ, ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದ. "ನೀನು ಟಾರ್ಚ್ ಹಿಡಿ. ಸ್ವಿಚ್ಚು ನನಗೆ ಬಿಡು. ನೀನು ಧಡಾರ್ ಅಂತ ಹಾಕ್ತೀಯ."

ಹೊರಗಿನ ಕೆನ್ನೆ ಮಸೆದಾಯಿತು. ಅತ್ತಿಗೆ ಮೊದಲು ಎಳೆದ ಗೀರಿಗೆ ಹತ್ತಿಕಡ್ಡಿಯಿಂದ ನೀಲಿ ಮಸಿ ಬಳಿದರು. ಟೂಲು ಕೂರಿಸಿ, ಚಕ್ಕನ್ನು ಕೈಯಲ್ಲೇ ಒಂದಿಷ್ಟು ತಿರುಗಿಸಿ, ಮುಟ್ಟಿಸಿ, ತೆಗೆದು, ಅಲಗಿನ ತುದಿಗೆ ಮಸಿ ಎಲ್ಲಿ ಅಂಟಿದೆ ಎಂದು ನೋಡಿದರು. ಎಡಕ್ಕೆ ಅಂಟಿತ್ತು. ಸರಿಸಿದರು. ಮತ್ತೆ ಮುಟ್ಟಿಸಿದರು. ಈಗ ಬಲಕ್ಕೆ. ನಾನು ಟಾರ್ಚ್ ಹಿಡಿದು ಆ ಸಣ್ಣ ಬಾಯಿಯೊಳಗೆ ಬೆಳಕು ಬಿಡುತ್ತಿದ್ದೆ, ಒಳಗೆ ಹಳದಿ ಹೊಳಪು ಬಿಟ್ಟು ನನಗೇನೂ ಕಾಣುತ್ತಿರಲಿಲ್ಲ. ಕೊನೆಗೆ ಮಸಿ ಅಲಗಿನ ತುದಿಗೆ ನಡುವೆ ಸಣ್ಣ ಗೆರೆಯಾಗಿ ಅಂಟಿತು. ಅಣ್ಣ ಅದನ್ನು ನೋಡಿ ಮೂಗಿನಲ್ಲೇ ಹ್ಞೂಂ ಎಂದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಆಮೇಲೆ ಪುಡಿ ಉದುರತೊಡಗಿತು. ಒಳಗಿನಿಂದ ಹೊರಕ್ಕೆ, ಪ್ರತಿ ಸಲವೂ ಚಿನ್ನದ ರವೆಯಂತೆ ಒಂದು ಚಿಟಿಕೆ. ಹಿಡಿಕೆಯ ಮೇಲಿನ ಅಂಕಿಗಳನ್ನು ನಂಬುವ ಹಾಗಿರಲಿಲ್ಲ, ಸವೆದ ನಟ್ಟು ಸುಳ್ಳು ಹೇಳುತ್ತಿತ್ತು. ಅತ್ತಿಗೆ ಹಿಡಿಕೆಯನ್ನು ಹಿಂದಕ್ಕೆ ಬಿಟ್ಟು, ಸಡಿಲವೆಲ್ಲ ಮುಗಿದು ಹಲ್ಲಿಗೆ ಹಲ್ಲು ತಾಗುವ ತನಕ ಮೆಲ್ಲನೆ ತಂದು, ಅಲ್ಲಿಂದ ಮುಂದಕ್ಕೆ ಬೆರಳಿನ ಚರ್ಮ ಎಷ್ಟು ಹೇಳಿತೋ ಅಷ್ಟು ತಿರುಗಿಸುತ್ತಿದ್ದರು. ಅಣ್ಣ ಸ್ವಿಚ್ಚಿನಲ್ಲಿ. ಇಬ್ಬರ ನಡುವೆ ಮಾತಿಲ್ಲ. ಅವರ ಬೆರಳು ನಿಂತರೆ ಅವನ ಕೈ ಎದ್ದಿರುತ್ತಿತ್ತು, ಟೂಲು ಹೊರಬಂದರೆ ಲೇತು ನಿಂತಿರುತ್ತಿತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡವನು ನಾನು, ಅವರಿಬ್ಬರು ಗಂಡ ಹೆಂಡತಿ ಎಂದು ಅವತ್ತೇ ನೋಡಿದ ಹಾಗಾಯಿತು.

ಎರಡನೇ ಗೋಡೆಯೂ ಮುಗಿಯುತ್ತ ಬಂದಾಗ ಗುಜರಿಯವನ ಗಾಡಿ ಬಾಗಿಲಿಗೆ ಬಂತು. ಅವನು ಹಾರೆ ಹೆಗಲ ಮೇಲಿಟ್ಟುಕೊಂಡು ಒಳಗೆ ಬಂದ.

"ಏನ್ ಮೇಸ್ತ್ರಿ, ಎತ್ತಕ್ಕೆ ಬಂದ್ರೆ ಇದಿನ್ನೂ ಓಡ್ತಾ ಇದೆಯಲ್ಲ."

"ಸುಮ್ನೆ ನಿಲ್ಲು" ಎಂದೆ ನಾನು.

"ಅಕ್ಕ, ಸತ್ತ ಮೇಲೆ ಕರೀಬೇಕು ನಮ್ಮನ್ನ, ಜೀವ ಇರೋವಾಗಲೇ ಕರೆದ್ರೆ ನಮಗೂ ಪಾಪ ಬರಲ್ವಾ?"

ಅತ್ತಿಗೆ ಹಿಡಿಕೆಯನ್ನು ಒಂದು ಬೆರಳು ಹಿಂದಕ್ಕೆ ಬಿಟ್ಟು ಹಾಗೇ ನಿಂತರು. ಅವನು ಹಾರೆಯನ್ನು ಮೆಲ್ಲನೆ ಗೋಡೆಗೆ ಒರಗಿಸಿ ಬಾಯಿ ಮುಚ್ಚಿದ.

"ಸಾಕು" ಎಂದ ಅಣ್ಣ. "ಬಿಗಿ ಇದ್ರೆ ಎಣ್ಣೆ ಹಾಕಿ ಉಜ್ಜಿ ಹೊಂದಿಸಬಹುದು. ಸಡಿಲ ಆದ್ರೆ ಮುಗೀತು."

"ಇನ್ನೊಂದು ಸಲ."

"ಬೇಡ ಅಂದೆ."

"ಗೋಡೆ ಇನ್ನೂ ದಪ್ಪ ಇದೆ, ಕಣ್ರೀ. ಸ್ಕ್ರೂ ಹೋಗಲ್ಲ. ಹಾಕಿ."

ಅಣ್ಣನ ಕೈ ಸ್ವಿಚ್ಚಿನ ಮೇಲೆ ನಿಂತಿತ್ತು.  ಬಿಚ್ಚಿ ನೋಡುವಂತಿಲ್ಲ, ಅಳೆಯುವಂತಿಲ್ಲ, ಇಬ್ಬರಲ್ಲಿ ಯಾರು ಸರಿ ಎನ್ನುವುದಕ್ಕೆ ಆ ಹೊತ್ತಿನಲ್ಲಿ ಭೂಮಿಯ ಮೇಲೆ ಸಾಕ್ಷಿ ಇರಲಿಲ್ಲ. ಅಣ್ಣ ಹೆಂಡತಿಯ ಮುಖ ನೋಡಿದ, ಆಮೇಲೆ ಹಿಡಿಕೆಯ ಮೇಲಿದ್ದ ಬೆರಳು ನೋಡಿದ. ಸ್ವಿಚ್ಚು ಹಾಕಿದ.

ಉದುರಿದ್ದು ಪುಡಿಯೂ ಅಲ್ಲ, ಹೊಗೆಯಂಥದ್ದೇನೋ. ಅತ್ತಿಗೆ ಟೂಲು ಹೊರತೆಗೆದು, "ಈಗ ಸಾಕು" ಎಂದರು.

ನಟ್ಟನ್ನು ಚಕ್ಕಿನಿಂದ ಬಿಚ್ಚಿದೆವು. ಸ್ಲೈಡು ಬಿಚ್ಚಿ, ಸ್ಕ್ರೂ ಎಳೆದು, ಸೀಮೆಎಣ್ಣೆಯಲ್ಲಿ ತೊಳೆದೆವು. ಹಳೇ ನಟ್ಟು ಹೊರಗೆ ಬರುವಾಗಲೇ ಅದರ ಕೊನೆಯ ಹಲ್ಲುಗಳು ತೆಳ್ಳಗಿನ ತಂತಿಯಾಗಿ ಕಳಚಿ ಸ್ಕ್ರೂವಿಗೆ ಸುತ್ತಿಕೊಂಡು ಬಂದವು. ಇನ್ನೊಂದು ಗೀರಿಗೂ ಅದು ಉಳಿಯುತ್ತಿರಲಿಲ್ಲ. ಅಣ್ಣ ಆ ತಂತಿಯನ್ನು ಬೆರಳಲ್ಲಿ ಹಿಡಿದು ನೋಡಿದ.

ಅತ್ತಿಗೆ ಹೊಸ ನಟ್ಟಿಗೆ ಎಣ್ಣೆ ಬಿಟ್ಟು ಸ್ಕ್ರೂವಿಗೆ ಹಿಡಿದು ಎಡಕ್ಕೆ ತಿರುಗಿಸಿದರು. ಅರ್ಧ ಸುತ್ತಿಗೆ ನಿಂತಿತು.  ಅವರು ಬಲವಂತ ಮಾಡಲಿಲ್ಲ, ಹಿಂದಕ್ಕೆ ತಂದು, ಒರೆಸಿ, ಅಂಚಿನಲ್ಲಿದ್ದ ಮುಳ್ಳಿನಂಥ ಲೋಹದ ಚೂರನ್ನು ಚಾಕುವಿನ ತುದಿಯಿಂದ ತೆಗೆದು, ಮತ್ತೆ ತಿರುಗಿಸಿದರು. ಹೋಯಿತು. ಒಂದೇ ಬಿಗುವಿನಲ್ಲಿ, ತುಪ್ಪದೊಳಗೆ ಹೋಗುವ ಹಾಗೆ, ಆ ತುದಿಯಿಂದ ಈ ತುದಿಯವರೆಗೆ ಹೋಯಿತು. ಅಲುಗಾಡಿಸಿ ನೋಡಿದೆ. ಅಲುಗಲಿಲ್ಲ.

ಕೂರಿಸಿದ ಮೇಲೆ ಅಣ್ಣ ತನ್ನ ಪರೀಕ್ಷೆಗೆ ನಿಂತ. ಶೆಡ್ಡಿನಲ್ಲಿದ್ದ ಅತ್ಯಂತ ದಪ್ಪ ಉಕ್ಕಿನ ಶಾಫ್ಟನ್ನು ಚಕ್ಕಿಗೆ ಹಿಡಿಸಿ, "ತುಂಡರಿಸೋ ಟೂಲು ಕೊಡು" ಎಂದ. ಯಂತ್ರದ ಸಣ್ಣ ಸಡಿಲವನ್ನೂ ಕ್ಷಮಿಸದ ಟೂಲು ಅದು. ನಟ್ಟು ಆಡಿದರೆ ಅಲಗು ಕಚ್ಚಿಕೊಂಡು ಮುರಿದು ಸೂರಿಗೆ ಹಾರುತ್ತದೆ. ನಾನು ಗುಜರಿಯವನನ್ನು ಹಿಂದಕ್ಕೆ ಎಳೆದುಕೊಂಡೆ.

ಅಣ್ಣ ಹಿಡಿಕೆ ತಿರುಗಿಸಿದ. ತಿರುಗಿಸಿದ ಆ ಕ್ಷಣಕ್ಕೇ ಸ್ಲೈಡು ಹೊರಟಿತು. ಅಲಗು ಉಕ್ಕಿಗೆ ತಾಗಿತು, ಕಿರುಚಲಿಲ್ಲ. ಸೀರೆಯ ಅಂಚು ಬಿಚ್ಚಿಕೊಂಡಂತೆ ಒಂದೇ ಅಗಲದ ಪಟ್ಟಿ ಸಂದಿನಿಂದ ಎದ್ದು, ತನ್ನ ಮೇಲೆ ತಾನು ಸುತ್ತಿಕೊಳ್ಳುತ್ತ, ಹೊಂಬಣ್ಣಕ್ಕೆ ತಿರುಗುತ್ತ ಬಂತು. ಸಂದು ಆಳವಾಯಿತು. ಸದ್ದೆಂದರೆ ಬಟ್ಟೆ ಹರಿದಂಥ ಒಂದು ಮೆಲ್ಲನೆಯ ಸರ್. ಮೇಲಿನಿಂದ ನಾನು ಎಣ್ಣೆ ಬಿಡುತ್ತಿದ್ದೆ, ಕಣ್ಣು ಪಟ್ಟಿಯ ಮೇಲಿದ್ದು ಎಣ್ಣೆ ಅಣ್ಣನ ಅಂಗಿಗೂ ಬಿತ್ತು, ಅವನು ಬೈಯಲಿಲ್ಲ. ಸಾಯಲು ಕೂತಿದ್ದ ಯಂತ್ರ ತನ್ನೊಳಗಿನ ಅಂಗವನ್ನು ತಾನೇ ಹೆತ್ತು, ತಾನೇ ತೊಟ್ಟುಕೊಂಡು, ಈಗ ಮುಂಗೈ ದಪ್ಪದ ಉಕ್ಕನ್ನು ಬೆಣ್ಣೆಯಂತೆ ಕೊಯ್ಯುತ್ತಿತ್ತು. ನಾನು ಇಷ್ಟು ವರ್ಷ ಕಬ್ಬಿಣದ ನಡುವೆಯೇ ಇದ್ದೇನೆ. ಅವತ್ತು ನೋಡಿದ್ದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಕೊಯ್ದ ಬಿಲ್ಲೆ ಟಣ್ ಎಂದು ತಟ್ಟೆಗೆ ಬಿತ್ತು. ಅದರ ಮುಖದಲ್ಲಿ ಗುಜರಿಯವನ ಮುಖ ಕಾಣುತ್ತಿತ್ತು.

"ಮೇಸ್ತ್ರಿ" ಎಂದ ಅವನು, "ನನ್ನ ಕರೆದಿದ್ದು ಯಾವುದಕ್ಕೆ?"

ಅಣ್ಣ ಕೈ ಒರೆಸಿಕೊಳ್ಳುತ್ತ ಶೆಡ್ಡನ್ನೆಲ್ಲ ಒಮ್ಮೆ ನೋಡಿದ. ಹಿಂದಿನ ಗೋಡೆಗೆ ತುಕ್ಕು ಹಿಡಿದ ಕಬ್ಬಿಣದ ಬೀರು ನಿಂತಿತ್ತು. "ಆ ಬೀರು ತಗೊಂಡು ಹೋಗು. ಹೊಸದು ಅಲ್ಲಿ ನಿಲ್ಲತ್ತೆ."

"ಲೇತು ಅಂದ್ರಿ, ಬೀರು ಕೊಡ್ತೀರಿ. ನಾಳೆ ಇನ್ನೇನು, ಚಮಚ ಕೊಡ್ತೀರಾ?" ಎಂದು ಗೊಣಗುತ್ತ ಅವನು ಹಾರೆ ಎತ್ತಿಕೊಂಡ. ನಾನೂ ಕೈ ಕೊಟ್ಟೆ.

ನಾವು ಬೀರು ಎಳೆಯುತ್ತಿದ್ದಾಗ ಅಣ್ಣ ಲೇತಿನ ಮೇಲಿರುವ ಇನ್ನೊಂದು ಸಣ್ಣ ಸ್ಲೈಡಿನ ಹಿಡಿಕೆಯನ್ನು ಅತ್ತ ಇತ್ತ ತಿರುಗಿಸಿ ನೋಡುತ್ತಿದ್ದ. "ಇದೂ ಆಡ್ತಾ ಇದೆ. ಇದಕ್ಕೂ ಒಂದು ಮಾಡಬೇಕು" ಎಂದ, ಮೊದಲಿನಿಂದಲೂ ಅದೇ ತನ್ನ ಮಾತಾಗಿತ್ತು ಎನ್ನುವ ಹಾಗೆ.

ಅತ್ತಿಗೆ ಕೆಳಗೆ ಬಿದ್ದಿದ್ದ ಹಳದಿ ಪುಡಿಯನ್ನು ಬ್ರಷ್‌ನಿಂದ ಒಟ್ಟು ಮಾಡುತ್ತಿದ್ದರು.

"ಎಡದ್ದೋ ಬಲದ್ದೋ ಮೊದಲು ನೋಡಿ ಹೇಳಿ" ಎಂದರು.

ಅಣ್ಣ ಬಗ್ಗಿ ನೋಡಿದ. "ಎಡದ್ದೇ."

"ಹಾಗಾದ್ರೆ ಮಸೆಯೋವಾಗ ಪಕ್ಕದಲ್ಲೇ ನಿಂತಿರಿ" ಎಂದರು ಅತ್ತಿಗೆ. "ಮಾತಾಡಬಹುದು."